ಕೋಲಾರದಲ್ಲಿ ಮನೆ ಮುಂದಿನ ಲಾನ್‌ಗೆ ದಿನಾ ಸಂಜೆ ನೀರು ಹಾಕಿದರೂ ಹುಲ್ಲು ಹಳದಿ ಆಗುತ್ತಿದೆ, ಬೇಸಿಗೆಯಲ್ಲಿ ಹಸಿರಾಗಿ ಇಡುವುದು ಹೇಗೆ?

ಮೊದಲು ದಿನಾ ಸಂಜೆ ಪೈಪ್ ಹಿಡಿದು ಸುಮ್ನೆ ಚಿಮುಕಿಸುವುದನ್ನು ನಿಲ್ಲಿಸಿ. ಹಾಗೆ ಮಾಡಿದರೆ ಮೇಲ್ಮಣ್ಣು ಮಾತ್ರ ನೆನೆಯುತ್ತದೆ, ಬೇರು ಕೆಳಗೆ ಇಳಿಯುವುದೇ ಇಲ್ಲ, ಏಪ್ರಿಲ್ ಬಿಸಿಲಿಗೆ ನಮ್ಮ ಕೆಂಪು ಮಣ್ಣು ಕಾದಾಗ ಬೇರೂ ಜೊತೆಗೇ ಬೇಯುತ್ತದೆ. ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಬೂಷ್ಟು ರೋಗವೂ ಬರಬಹುದು.

ವಾರಕ್ಕೆ ಎರಡು ಮೂರು ಸಲ, ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಚೆನ್ನಾಗಿ ಹಾಕಿ. ಹಾಕಿದ ಸ್ವಲ್ಪ ಹೊತ್ತಿಗೆ ಒಂದು ಉದ್ದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ನಾಲ್ಕೈದು ಇಂಚು ಸಲೀಸಾಗಿ ಇಳಿದರೆ ಸಾಕು, ಅರ್ಧಕ್ಕೇ ನಿಂತರೆ ನೀರು ತಲುಪಿಲ್ಲ ಎಂದರ್ಥ. ಲೆಕ್ಕಕ್ಕೆ ಹೇಳುವುದಾದರೆ 10 ಅಡಿಗೆ 10 ಅಡಿ ಜಾಗಕ್ಕೆ ವಾರಕ್ಕೆ ಸುಮಾರು 230 ಲೀಟರ್ ಬೇಕು. ಟ್ಯಾಂಕರ್ ನೀರು ಕೊಳ್ಳುವವರಿಗೆ ಇದು ಜಾಸ್ತಿನೇ, ಅಲ್ವಾ? ಅದಕ್ಕೇ ಲಾನ್ ಚಿಕ್ಕದಿದ್ದರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಕ್ಕಿ, ತರಕಾರಿ ತೊಳೆದ ನೀರನ್ನೂ ಹಾಕಬಹುದು, ಸೋಪಿನ ನೀರು ಬೇಡ.

ಹುಲ್ಲನ್ನು ನುಣ್ಣಗೆ ಕತ್ತರಿಸಬೇಡಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಬೇಸಿಗೆಯಲ್ಲಿ ಸ್ವಲ್ಪ ಉದ್ದವೇ ಬಿಟ್ಟರೆ ಬುಡಕ್ಕೆ ನೆರಳು ಸಿಗುತ್ತದೆ. ಹಳದಿ ಕಂಡ ಕೂಡಲೇ ಯೂರಿಯಾ ಎರಚುವವರಿದ್ದಾರೆ, ಒಣ ಮಣ್ಣಿಗೆ ಅದು ಬಿದ್ದರೆ ಹುಲ್ಲು ಸುಟ್ಟೇ ಹೋಗುತ್ತದೆ. ಮಳೆ ಶುರುವಾಗುವವರೆಗೆ ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರ ತೆಳ್ಳಗೆ ಹರಡಿ, ಸಾಕು.

ಹೊಸದಾಗಿ ಹಾಕಿಸುವುದಾದರೆ ಪೂರ್ತಿ ಬಿಸಿಲಿನ ಜಾಗಕ್ಕೆ ಬರ್ಮುಡಾ ಹಾಕಿಸಿ. ಅದು ನಮ್ಮ ಗರಿಕೆಯ ಜಾತಿಯೇ, ಒಣಗಿದಂತೆ ಕಂಡರೂ ನೀರು ಬಿದ್ದರೆ ಮತ್ತೆ ಚಿಗುರುತ್ತದೆ. ಮರದ ನೆರಳಿನಲ್ಲಿ ಮಾತ್ರ ಅದು ಬರುವುದಿಲ್ಲ.