ಎಎಲ್‌ಕೆ ಪಾಸಿಟಿವ್ ಲಿಂಫೋಮಾ: ದೇಹವೇ ಆಂಟಿಬಾಡಿ ಮಾಡಿದೆ ಅಂದರೆ ಏನು?

ನಿಮ್ಮ ಅಕ್ಕನ ಮಗನಿಗೆ 9 ವರ್ಷ. ಕುತ್ತಿಗೆಯಲ್ಲಿ ಗಂಟು, ಬಿಡದ ಜ್ವರ. ಮೊದಲು ಟಿಬಿ ಅಂದರು, ಈಗ ಬಯಾಪ್ಸಿಯಲ್ಲಿ ಎಎಲ್‌ಕೆ ಪಾಸಿಟಿವ್ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮಾ (ಬಿಳಿ ರಕ್ತಕೋಶಗಳ ಒಂದು ಬಗೆಯ ಕ್ಯಾನ್ಸರ್) ಎಂದು ಬಂದಿದೆ. ಅವನ ದೇಹವೇ ಇದಕ್ಕೆ ಆಂಟಿಬಾಡಿ ಮಾಡಿರಬಹುದು ಅಂತ ಡಾಕ್ಟರ್ ಹೇಳಿದರಂತೆ. ಹಾಗಿದ್ರೆ ಅಮೃತಬಳ್ಳಿ ಕಷಾಯ ಕೊಟ್ಟು ಅದನ್ನು ಹೆಚ್ಚಿಸಬಹುದಾ ಅಂತ ಕೇಳಿದ್ದೀರಿ, ಅಲ್ವಾ?

ನಾನು ಪೆಥಾಲಜಿಸ್ಟ್. ಮಕ್ಕಳಿಗಿಂತ ಅವರ ಗಂಟಿನ ಸ್ಲೈಡ್ ನೋಡುವುದೇ ಜಾಸ್ತಿ.

ಟಿಬಿ ಅಂದವರ ಮೇಲೆ ಕೋಪ ಬೇಡ. ನಮ್ಮಲ್ಲಿ ಗಂಟು, ಜ್ವರ, ತೂಕ ಇಳಿಕೆ ಸೇರಿದರೆ ಮೊದಲು ನೆನಪಾಗುವುದು ಅದೇ. ಸೂಜಿ ಚುಚ್ಚಿ ತೆಗೆದ ಚೂರಿನಲ್ಲಿ ಈ ಲಿಂಫೋಮಾ ತಪ್ಪಿಸಿಕೊಳ್ಳಬಹುದು. ನಾನೇ ಒಮ್ಮೆ ಅಂಥ ಸ್ಯಾಂಪಲ್ ನೋಡಿ 'ಸೋಂಕಿನ ಗಂಟು' ಎಂದು ಬರೆದಿದ್ದೆ. ತಿಂಗಳಾದ ಮೇಲೆ ಅದೇ ಹುಡುಗಿಯ ಇಡೀ ಗಂಟು ಟೇಬಲ್ ಮೇಲೆ ಬಂತು. ಆ ದಿನ ಊಟ ಸೇರಲಿಲ್ಲ. ಇಡೀ ಗಂಟು ಸಿಕ್ಕರೆ ಕೆಲಸ ಸುಲಭ: ಕಿಡ್ನಿ ಆಕಾರದ ನ್ಯೂಕ್ಲಿಯಸ್ ಇರುವ ದೊಡ್ಡ ಕೋಶಗಳನ್ನು ಹುಡುಕುತ್ತೇವೆ. ಸಿಡಿ30 ಎಂಬ ಪ್ರೋಟೀನನ್ನು ತೋರಿಸುವ ಬಣ್ಣ ಅವಕ್ಕೆ ಹತ್ತಬೇಕು. ಆದರೆ ಅದು ಹಾಜ್‌ಕಿನ್ ಎಂಬ ಇನ್ನೊಂದು ಬಗೆಯ ಲಿಂಫೋಮಾದಲ್ಲೂ ಹತ್ತುತ್ತದೆ. ಎಎಲ್‌ಕೆ ಬಣ್ಣವೂ ಹತ್ತಿದಾಗ ಅನುಮಾನ ಬಹುತೇಕ ಮುಗಿಯಿತು.

ಈ ಎಎಲ್‌ಕೆ ಪ್ರೋಟೀನಿಗೆ ಮುಖ್ಯವಾಗಿ ಕೆಲಸ ಇರುವುದು ಮಗು ಹೊಟ್ಟೆಯಲ್ಲಿದ್ದಾಗ, ನರಮಂಡಲ ಬೆಳೆಯುವ ಹೊತ್ತಿನಲ್ಲಿ. ರಕ್ತದ ಬಿಳಿ ಕೋಶಗಳಲ್ಲಿ ಅದು ಇರಲೇಬಾರದು. ಈ ರೋಗದಲ್ಲಿ ಹೆಚ್ಚಾಗಿ 2 ಮತ್ತು 5ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ, ಎಎಲ್‌ಕೆ ಜೀನ್ ಎನ್‌ಪಿಎಂ ಎಂಬ ಇನ್ನೊಂದು ಜೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದರ ಸ್ವಿಚ್ ಆಫ್ ಆಗುವುದೇ ಇಲ್ಲ. ಇದು ಗೊತ್ತಾಗಿದ್ದು 1994ರಲ್ಲಿ. ಇಲ್ಲಿ ಇರಬಾರದ ಪ್ರೋಟೀನ್ ಕಂಡು ದೇಹ ಆಂಟಿಬಾಡಿ ಮಾಡುತ್ತದೆ. ಅದು ಜಾಸ್ತಿ ಇರುವ ಮಕ್ಕಳಲ್ಲಿ ರೋಗ ಮರಳುವುದು ಕಡಿಮೆ. ರಕ್ತದಲ್ಲಿ ಪಿಸಿಆರ್ (ಜೀನಿನ ಅಂಶ ಹುಡುಕುವ ಟೆಸ್ಟ್) ಮಾಡಿದಾಗ ಆ ಅಂಟಿಕೊಂಡ ಎನ್‌ಪಿಎಂ-ಎಎಲ್‌ಕೆ ಸಿಕ್ಕಿ, ಆಂಟಿಬಾಡಿ ಕಡಿಮೆ ಇದ್ದರೆ ಹೆಚ್ಚು ಹುಷಾರಾಗಿರಬೇಕು.

ಆದರೆ ಆಂಟಿಬಾಡಿ ಎಫ್‌ಐಆರ್ ಇದ್ದ ಹಾಗೆ. ದೂರು ದಾಖಲಾಗಿದೆ, ಕಳ್ಳ ಸಿಕ್ಕಿಲ್ಲ. ಆ ಎಎಲ್‌ಕೆ ಇರುವುದು ಕೋಶದ ಒಳಗೆ, ಆಂಟಿಬಾಡಿ ಓಡಾಡುವುದು ಹೊರಗೆ. ಕ್ಯಾನ್ಸರ್ ಕೋಶವನ್ನು ಹುಡುಕಿ ಕೊಲ್ಲಬೇಕಾದವು ದೇಹದ ರಕ್ಷಣೆಯ ಟಿ ಕೋಶಗಳು, ಅವೂ ಕೀಮೋ ಇಲ್ಲದೆ ಗೆಲ್ಲುತ್ತವೆ ಅಂತ ನಂಬಿ ಕೂರುವ ಹಾಗಿಲ್ಲ. ಕೀಮೋದಿಂದ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಮರಳಿ ಬಂದರೂ ದಾರಿ ಇದೆ: ವಿನ್‌ಬ್ಲಾಸ್ಟಿನ್ ಎಂಬ ಕೀಮೋ ಔಷಧ, ಎಎಲ್‌ಕೆಯನ್ನೇ ತಡೆಯುವ ಕ್ರಿಜೋಟಿನಿಬ್ ಇತ್ಯಾದಿ.

ಕಷಾಯ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಕೇಸುಗಳು ಕೋವಿಡ್ ಹೊತ್ತಿನಲ್ಲಿ ಮುಂಬೈಯಿಂದ ವರದಿಯಾಗಿವೆ, ಕೀಮೋ ನಡುವೆ ಲಿವರ್ ಮೊದಲೇ ಸುಸ್ತಾಗಿರುತ್ತದೆ. ಅಂದಹಾಗೆ ವಿನ್‌ಬ್ಲಾಸ್ಟಿನ್ ಸಿಗುವುದೂ ಗಿಡದಿಂದಲೇ, ನಮ್ಮ ಅಂಗಳದ ಕಾಶಿ ಕಣಗಿಲೆಯಿಂದ. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಯಾರಾದರೂ ಎಲೆ ಅರೆದು ಕುಡಿಸಿ ಅಂದರೆ ದಯವಿಟ್ಟು ಅವರ ಮಾತು ಕೇಳಬೇಡಿ.