ಓದುಗರ ಪ್ರಶ್ನೆ: ಲ್ಯಾಪ್‌ಟಾಪ್ ಆಮೇಲೆ, ಮೊದಲು ವಹಿ ತೆಗೆ

ಪ್ರಶ್ನೆ: ಬಾಗಲಕೋಟೆಯಲ್ಲಿ ಬಿಎಸ್ಸಿ ಕೊನೇ ವರ್ಷ ಓದುತ್ತಿದ್ದೇನೆ, ಪಿಸಿಎಂ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಮುಂದೆ ಕಂಪ್ಯೂಟೇಷನಲ್ ಮಾಡೆಲಿಂಗ್ ಓದಬೇಕು ಅಂತ ಆಸೆ. ಕೋಡಿಂಗ್ ಅಷ್ಟಕ್ಕಷ್ಟೇ, ಒಳ್ಳೆ ಲ್ಯಾಪ್‌ಟಾಪೂ ಇಲ್ಲ. ಕಾಕಾ 'ಸುಮ್ನೆ ಎಂಸಿಎ ಮಾಡು' ಅಂತಾರೆ. ಏನು ಮಾಡಲಿ ಸರ್?

ಉತ್ತರ: ಕಾಕಾಗೆ ನಿನಗೆ ಬೇಗ ಕೆಲಸ ಸಿಗಲಿ ಅನ್ನೋ ಕಾಳಜಿ ತಮ್ಮಾ, ಅದರಲ್ಲಿ ತಪ್ಪಿಲ್ಲ. ಆದರೆ ಎಂಸಿಎ ಬೇರೆ, ಇದು ಬೇರೆ. ಅಲ್ಲಿ ಸಾಫ್ಟ್‌ವೇರ್ ಕಟ್ಟೋದು ಕಲಿಸುತ್ತಾರೆ. ಇಲ್ಲಿ ನದಿ, ರೋಗ, ಹವಾಮಾನ ಇಂಥವು ಹೇಗೆ ನಡೆದುಕೊಳ್ಳುತ್ತವೆ ಅಂತ ಸಮೀಕರಣ ಬರೆದು, ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, ಬಂದ ಉತ್ತರ ನಂಬಬಹುದಾ ಅಂತ ನೋಡಬೇಕು. ಕಷ್ಟ ಇರೋದು ಆ ಕೊನೇದರಲ್ಲೇ.

ಚಹಾದ ಲೆಕ್ಕ ಮಾಡಿ ನೋಡು, ವಹಿ ಪೆನ್ನು ಸಾಕು. ಚಹಾ 80 ಡಿಗ್ರಿ, ಕೋಣೆ 30 ಡಿಗ್ರಿ. ಕೋಣೆಗಿಂತ ಎಷ್ಟು ಬಿಸಿ ಜಾಸ್ತಿ ಇದೆಯೋ ಅದರ ಹತ್ತರಲ್ಲಿ ಒಂದು ಪಾಲು, ನಿಮಿಷಕ್ಕೆ ಆರುವ ವೇಗ ಅಂತ ಇಟ್ಟುಕೋ. ಶುರುವಿನಲ್ಲಿ ವ್ಯತ್ಯಾಸ 50, ಅಂದರೆ ವೇಗ ನಿಮಿಷಕ್ಕೆ 5 ಡಿಗ್ರಿ. 5 ನಿಮಿಷವೂ ಇದೇ ವೇಗ ಅಂತ ಒಂದೇ ಹೆಜ್ಜೆ ಹಾಕಿದರೆ 55 ಬರುತ್ತದೆ. ನಿಜವಾದ ಉತ್ತರ ಸುಮಾರು 60.3. ಚಹಾ ಆರುತ್ತಾ ಹೋದಂತೆ ವೇಗವೂ ಇಳಿಯುತ್ತೆ ಅಲ್ವಾ, ಅದನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ. ನಿಮಿಷಕ್ಕೊಮ್ಮೆ ವೇಗ ಹೊಸದಾಗಿ ಲೆಕ್ಕ ಹಾಕಿ, ಒಂದೊಂದು ನಿಮಿಷದ ಐದು ಹೆಜ್ಜೆ ಹಾಕು, 59.5 ಬರುತ್ತದೆ, ಪರವಾಗಿಲ್ಲ. ಈಗ 25 ನಿಮಿಷದ ಹೆಜ್ಜೆ ಹಾಕು. ಮೈನಸ್ 45! ಮುಂದಿನ ಹೆಜ್ಜೆಗೆ 142.5. ಕಂಪ್ಯೂಟರ್ ತಕರಾರಿಲ್ಲದೆ ಇದಕ್ಕೂ ಗ್ರಾಫ್ ಹಾಕಿ ಕೊಡುತ್ತದೆ. ಈ ಲೆಕ್ಕದಲ್ಲಿ ಹೆಜ್ಜೆ 20 ನಿಮಿಷ ದಾಟಿತೋ, ಉತ್ತರ ಹುಚ್ಚೆದ್ದು ಹೋಗುತ್ತದೆ. ನೀರು, ಗಾಳಿಯ ಹರಿವಿನ ಲೆಕ್ಕಕ್ಕೂ ಇಂಥದ್ದೇ ಮಿತಿ ಇದೆ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಅನ್ನೋ ಮೂವರು ಗಣಿತದವರು ಅದನ್ನು 1928ರಲ್ಲೇ ಬರೆದಿಟ್ಟರು, ಈಗಿನಂಥ ಕಂಪ್ಯೂಟರ್ ಇನ್ನೂ ಹುಟ್ಟಿರಲೇ ಇಲ್ಲ.

ಇದು ಕೈಗೆ ಬಂದ ಮೇಲೆ ಆಲಮಟ್ಟಿಗೆ ಬಾ. ಮಳೆಗಾಲದಲ್ಲಿ ಪೇಪರಿನಲ್ಲಿ ಜಲಾಶಯದ ಒಳಹರಿವು, ಹೊರಹರಿವು, ಸಂಗ್ರಹ ಬರುತ್ತಲೇ ಇರುತ್ತವೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ; ದಿನವಿಡೀ 1 ಲಕ್ಷ ಕ್ಯೂಸೆಕ್ ಬಂದರೆ 8.64 ಟಿಎಂಸಿ ಆಯಿತು. ಇವತ್ತಿನ ಸಂಗ್ರಹಕ್ಕೆ ಬಂದದ್ದು ಕೂಡಿಸು, ಹೋದದ್ದು ಕಳೆ, ನಾಳಿನ ಪೇಪರಿಗೆ ತಾಳೆ ನೋಡು. ತಾಳೆ ಆಗದಿದ್ದರೆ ಯಾಕೆ? ಆವಿಯಾಗಿ ಹೋಯಿತಾ, ಕಾಲುವೆ ಲೆಕ್ಕ ಬಿಟ್ಟೆಯಾ, ಅಥವಾ ಪೇಪರಿನಲ್ಲಿದ್ದದ್ದು ಬೆಳಗ್ಗೆ ಒಂದು ಹೊತ್ತಿನ ಹರಿವಾ? ಯಾವುದನ್ನು ಬಿಟ್ಟರೆ ನಡೆಯುತ್ತೆ, ಯಾವುದನ್ನು ಬಿಡೋ ಹಾಗಿಲ್ಲ ಅಂತ ನೀನೇ ತಲೆ ಕೆಡಿಸಿಕೊಳ್ಳಬೇಕು, ಯಾವ ಸಾಫ್ಟ್‌ವೇರೂ ಹೇಳಿಕೊಡಲ್ಲ.

ಕೋಡಿಂಗ್ ಚಿಂತೆ ಬಿಡು. ಪೈಥಾನ್ ಪುಕ್ಕಟೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಚಹಾದ ಲೆಕ್ಕಕ್ಕೆ ಹತ್ತು ಸಾಲು ಸಾಕು. ಡಿಫರೆನ್ಷಿಯಲ್ ಈಕ್ವೇಷನ್, ಲೀನಿಯರ್ ಆಲ್ಜೀಬ್ರಾ ಮಾತ್ರ ಗಟ್ಟಿ ಮಾಡಿಕೋ. ನ್ಯೂಮರಿಕಲ್ ಅನಾಲಿಸಿಸ್, ಅಂದರೆ ಹೀಗೆ ಹೆಜ್ಜೆ ಹಾಕಿ ಲೆಕ್ಕ ಮಾಡುವ ವಿದ್ಯೆಯ ಪಾಠ, ಐಐಟಿಯವರ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಓದುತ್ತಾ ಓದುತ್ತಾ ಬರುತ್ತದೆ. ಐಐಟಿಯಲ್ಲಿ ಎಂಎಸ್ಸಿ ಬೇಕೆಂದರೆ ಜ್ಯಾಮ್ ಪರೀಕ್ಷೆ ಬರಿ. ಇನ್ನೊಂದು, ಕೋರ್ಸಿನ ಹೆಸರು ನೋಡಿ ಮರುಳಾಗಬೇಡ. ಒಂದು ಕಡೆ ಅಪ್ಲೈಡ್ ಮ್ಯಾಥ್ಸ್ ಅಂತ ಇರುತ್ತೆ, ಇನ್ನೊಂದು ಕಡೆ ಸೈಂಟಿಫಿಕ್ ಕಂಪ್ಯೂಟಿಂಗ್. ಸಿಲಬಸ್ ತೆಗೆದು ನೋಡು, ಬರೀ ಸಾಫ್ಟ್‌ವೇರ್ ಹೆಸರುಗಳೇ ತುಂಬಿದ್ದರೆ ಅತ್ತ ಹೋಗಬೇಡ.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಓದುತ್ತಿರುವ ಹುಡುಗಿ. ಎರಕದ ಸಿಮ್ಯುಲೇಷನ್ ಪ್ರಾಜೆಕ್ಟ್ ಮಾಡಿದ್ದೇನೆ, ಬಣ್ಣಬಣ್ಣದ ಚಿತ್ರ ಚೆನ್ನಾಗಿ ಬಂದಿವೆ. ಇಷ್ಟು ಸಾಕಾ?

ಉತ್ತರ: ಸಾಲದು ತಂಗಿ. ಮೆಶ್, ಅಂದರೆ ಲೆಕ್ಕಕ್ಕೆ ಎರಕವನ್ನು ತುಂಡು ಮಾಡಿದ ಚಿಕ್ಕ ಚಿಕ್ಕ ಭಾಗಗಳ ಅಳತೆ, ಅರ್ಧಕ್ಕೆ ಇಳಿಸಿ ಮತ್ತೆ ಓಡಿಸು. ಉತ್ತರ ಜಾಸ್ತಿ ಬದಲಾದರೆ ಮೊದಲಿನ ಚಿತ್ರ ಇನ್ನೂ ನಂಬುವಂತಿಲ್ಲ. ಆಮೇಲೆ ನಿಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋಗು, ಊರಲ್ಲೇ ಎರಕ ಹೊಯ್ಯುವ ಇಷ್ಟು ಫೌಂಡ್ರಿ ಇಟ್ಟುಕೊಂಡು ಲ್ಯಾಬಿನಲ್ಲೇ ಕೂತರೆ ಹೇಗೆ? ಲೋಹ ಕೊನೆಗೆ ಗಟ್ಟಿಯಾಗುವ ಜಾಗದಲ್ಲಿ ಶ್ರಿಂಕೇಜ್ ಆಗಿ, ಅಂದರೆ ಲೋಹ ಕುಗ್ಗಿ, ಟೊಳ್ಳು ಬೀಳುತ್ತದೆ, ನಿನ್ನ ಸಿಮ್ಯುಲೇಷನ್ ತೋರಿಸಬೇಕಾದ್ದು ಅದೇ ಜಾಗ. ರಿಜೆಕ್ಟ್ ಆದ ಒಂದು ಎರಕ ಕೇಳಿ ತಗೊಂಡು, ಕೊಯ್ಸಿ, ನಿನ್ನ ಚಿತ್ರದ ಪಕ್ಕ ಇಟ್ಟು ನೋಡು. ಟೊಳ್ಳು ಬೇರೆ ಕಡೆ ಇದ್ದರೂ ಹೆದರಬೇಡ, ಅದನ್ನೂ ರಿಪೋರ್ಟಿನಲ್ಲಿ ಬರಿ.