ಫ್ಲೋರಿಡಾ ಮನೆಯನ್ನು ಆಗಸ್ಟ್‌ನಲ್ಲಿ ನೋಡಿ

ತಂಗಿಯ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕಿ 54ಕ್ಕೆ ನ್ಯೂಜೆರ್ಸಿಗೆ ಬಂದಿದ್ದೀರಿ. "ರಿಟೈರ್ ಆದವರೆಲ್ಲ ಫ್ಲೋರಿಡಾಕ್ಕೆ ಹೋಗ್ತಾರಂತೆ, ಚಳಿ ಇಲ್ಲ, ಟ್ಯಾಕ್ಸ್ ಇಲ್ಲ, ಈಗಲೇ ಒಂದು ಮನೆ ಮಾಡಿಡೋಣವೇ?" ಅಂತ ಕೇಳಿದ್ದೀರಿ.

ಚಳಿಗೆ ಹೆದರಬೇಡಿ. ಬಂದ ಹೊಸತರಲ್ಲಿ ನನಗೂ ಸಾಕುಸಾಕಾಗಿತ್ತು, ಆಮೇಲೆ ಮೈ ಒಗ್ಗಿತು. ಟ್ಯಾಕ್ಸಿನ ಮಾತು ಅರ್ಧ ನಿಜ. ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಸರಿ. ಆದರೆ ಸೋಷಿಯಲ್ ಸೆಕ್ಯುರಿಟಿ (ದುಡಿದವರಿಗೆ ಸರ್ಕಾರ ಕೊಡುವ ಪಿಂಚಣಿ) ಹಣಕ್ಕೆ ನ್ಯೂಜೆರ್ಸಿಯೂ ತೆರಿಗೆ ಹಾಕಲ್ಲ. ಅದೊಂದರ ಮೇಲೇ ಬದುಕುವವರಿಗೆ ಆ ಲೆಕ್ಕದಲ್ಲಿ ಉಳಿಯೋದು ಸೊನ್ನೆ. ಇಲ್ಲಿ ಹಿಂಡೋದು ಮನೆ ಕಂದಾಯ.

ಅಲ್ಲಿ ಹಿಂಡೋದು ಇನ್ಶೂರೆನ್ಸ್. ಮನೆ ಒಪ್ಪಿಕೊಳ್ಳುವ ಮೊದಲೇ ಪ್ರೀಮಿಯಂ ಎಷ್ಟಾಗುತ್ತೆ ಅಂತ ಕೋಟ್ ತರಿಸಿ. ಚಾವಣಿಗೆ ಎಷ್ಟು ವರ್ಷವಾಯ್ತು ಅಂತ ಮೊದಲು ಕೇಳ್ತಾರೆ. ಶಿಂಗಲ್ (ಡಾಂಬರು ಹಾಳೆಯ ಹೊದಿಕೆ) ಚಾವಣಿ 15 ವರ್ಷ ದಾಟಿದ್ದರೆ ತಕರಾರು ಶುರು. ಹಳೇ ಮನೆಯಾದರೆ ಚಾವಣಿ, ವೈರಿಂಗ್, ಪ್ಲಂಬಿಂಗ್, ಎಸಿ ನಾಲ್ಕನ್ನೂ ತಪಾಸಣೆ ಮಾಡಿಸಿದ ವರದಿ ಬೇಕು. ಚಾವಣಿಯನ್ನು ಗೋಡೆಗೆ ಲೋಹದ ಪಟ್ಟಿಯಿಂದ ಬಿಗಿದಿದ್ದರೆ ಪ್ರೀಮಿಯಂ ಇಳಿಯುತ್ತೆ, ಅದಕ್ಕೆ ವಿಂಡ್ ಮಿಟಿಗೇಷನ್ (ಮನೆ ಗಾಳಿಗೆ ಎಷ್ಟು ತಡೆಯುತ್ತೆ ಅನ್ನೋ) ತಪಾಸಣೆ ಬೇರೆ. ಹರಿಕೇನ್ ಡಿಡಕ್ಟಿಬಲ್ ಶೇಕಡಾವಾರು ಲೆಕ್ಕ: 4 ಲಕ್ಷ ಡಾಲರ್ ವಿಮೆಗೆ 2% ಅಂದರೆ ಮೊದಲ 8,000 ಡಾಲರ್ ನಿಮ್ಮ ಜೇಬಿನಿಂದ. ಇಷ್ಟೆಲ್ಲ ಕಟ್ಟಿದರೂ ನೆರೆ ನೀರು ನುಗ್ಗಿದರೆ ಈ ಪಾಲಿಸಿ ಒಂದು ಕಾಸೂ ಕೊಡಲ್ಲ. ಅದಕ್ಕೆ ಫ್ಲಡ್ ಪಾಲಿಸಿ ಬೇರೆ. ಸರ್ಕಾರದ್ದು ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನ್ಯವಾಗಿ 30 ದಿನ ಆದ ಮೇಲೇ ಜಾರಿ. ಬಿರುಗಾಳಿ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಓಡಿದರೆ ಉಪಯೋಗವಿಲ್ಲ.

ಕಾಂಡೋ, ಅಂದರೆ ಅಪಾರ್ಟ್‌ಮೆಂಟ್ ಮನೆ, ಅಗ್ಗ ಅಂತ ಅತ್ತ ವಾಲಬೇಡಿ. 2021ರಲ್ಲಿ ಸರ್ಫ್‌ಸೈಡ್ ಕಟ್ಟಡ ಕುಸಿದ ಮೇಲೆ ಮೂರಂತಸ್ತು ಅಥವಾ ಅದಕ್ಕಿಂತ ಎತ್ತರದ ಹಳೇ ಕಾಂಡೋ ಕಟ್ಟಡಗಳಿಗೆ ತಪಾಸಣೆ ಕಡ್ಡಾಯವಾಗಿದೆ, ರಿಪೇರಿ ನಿಧಿ ಕಡಿಮೆ ಬಿದ್ದರೆ ಮನೆಮನೆಗೂ ಹಂಚಿ ವಸೂಲು ಮಾಡ್ತಾರೆ. ಆ ನಿಧಿಯ ವರದಿ ಓದದೆ ಸಹಿ ಹಾಕಬೇಡಿ.

ಜನವರಿಯಲ್ಲಿ ನೋಡಿದರೆ ಯಾರಿಗಾದರೂ ಸ್ವರ್ಗವೇ. ಆಗಸ್ಟ್‌ನಲ್ಲಿ ಒಂದು ವಾರ ಇದ್ದು ನೋಡಿ. ಮಲೆನಾಡಿನ ಆಷಾಢದಲ್ಲಿ ಬೆಲ್ಟು, ಚಪ್ಪಲಿಗೆ ಬೂಷ್ಟು ಹಿಡಿಯುತ್ತಲ್ಲ, ಬೇಸಿಗೆಯಲ್ಲಿ ಎಸಿ ಆರಿಸಿ ಊರಿಗೆ ಹೋದರೆ ಫ್ಲೋರಿಡಾದಲ್ಲಿ ಗೋಡೆಗೇ ಹಿಡಿಯುತ್ತೆ. ಎಸಿಯನ್ನು 80 ಫ್ಯಾರನ್‌ಹೀಟ್‌ಗೆ ಬಿಟ್ಟು, ತೇವಾಂಶ 60% ದಾಟದ ಹಾಗೆ ಇಟ್ಟು, ನೀರಿನ ಮೇನ್ ವಾಲ್ವ್ ಮುಚ್ಚಿ ಹೊರಡಬೇಕು. ಖಾಲಿ ಮನೆಗೂ ಕರೆಂಟ್ ಬಿಲ್!

ಮನೆಗಿಂತ ಮೊದಲು ಸೋಷಿಯಲ್ ಸೆಕ್ಯುರಿಟಿ ಕ್ರೆಡಿಟ್ ಕೂಡಿಸಿ, ಅಂದರೆ ಟ್ಯಾಕ್ಸ್ ಕಟ್ಟಿ ದುಡಿದದ್ದಕ್ಕೆ ಸಿಗುವ ಅಂಕ. 65 ಆದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್. ಅದರ ಆಸ್ಪತ್ರೆ ಭಾಗ ಪಾರ್ಟ್ ಎ ಬಿಟ್ಟಿಯಾಗಿ ಸಿಗಲು 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕೇ, ಅಂದರೆ ಹತ್ತು ವರ್ಷ. ನಿಮಗೆ 65 ಆಗೋಕೆ ಹನ್ನೊಂದೇ ವರ್ಷ ಉಳಿದಿದೆ. 2025ರಲ್ಲಿ 7,240 ಡಾಲರ್ ದುಡಿದಿದ್ದರೆ ಆ ವರ್ಷದ ನಾಲ್ಕೂ ಸಿಗುತ್ತಿತ್ತು. ಅಂಗಡಿಯಲ್ಲಿ ಕೈಗೆ ಕ್ಯಾಶ್ ಕೊಡ್ತೀವಿ ಅನ್ನೋರ ಹತ್ತಿರ ಹೋಗಬೇಡಿ, ಟ್ಯಾಕ್ಸ್ ಕಟ್ಟದ ಆ ದುಡ್ಡಿಗೆ ಒಂದು ಕ್ರೆಡಿಟ್ಟೂ ಇಲ್ಲ. ನಮ್ಮವರು ತುಂಬಾ ಜನ ಎಡವಿರೋದು ಇಲ್ಲೇ.

ಮೈಸೂರಿಗೆ ವಾಪಸ್ ಹೋಗೋದಾ? ಹವೆಗೂ ಖರ್ಚಿಗೂ ಅದಕ್ಕೆ ಸಾಟಿ ಇಲ್ಲ, ಈಗಲೂ ಒಂದೊಂದು ಸಂಜೆ ಮನಸ್ಸು ಅಲ್ಲೇ ಓಡಾಡುತ್ತೆ. ಆದರೆ ಅಲ್ಲಿ ಮೆಡಿಕೇರ್ ನಡೆಯಲ್ಲ. ಹಾಗಂತ ಡಾಕ್ಟರ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಬಿಟ್ಟು ಹೋಗಿ, ಕಾಯಿಲೆ ಬಂದಾಗ ತಿರುಗಿ ಬಂದರೆ, ತಪ್ಪಿಸಿದ ಪ್ರತಿ ಹನ್ನೆರಡು ತಿಂಗಳಿಗೂ ಪ್ರೀಮಿಯಂ ಮೇಲೆ 10% ದಂಡ, ಇರೋವರೆಗೂ.